ಮಾತಿನ ಮನೆ

ಮಾತನ್ನು ಮಾರಿ ಹೊಟ್ಟೆ ಹೊರೆಯುವವನು ನಾನು. ಹೊಸಪೇಟೆಯ ಕಾಲೇಜಿನಲ್ಲಿ ದಿನಕ್ಕೆ ಮೂರು ಗಂಟೆ ಕನ್ನಡ ಹೇಳುತ್ತೇನೆ. ಆ ಮಾತು ತಲೆಯಲ್ಲಿ ಎಲ್ಲಿಂದ ಹೊರಡುತ್ತದೆಂದು ಯೋಚಿಸಿದವನಲ್ಲ. ಬಾವಿ ಬತ್ತಿದಾಗಲೇ ಅಲ್ಲವೆ ಊಟೆಯ ವಿಚಾರ?

ಈ ಶೋಧ 1861ರಷ್ಟು ಹಳೆಯದು. ಪ್ಯಾರಿಸಿನ ಒಬ್ಬ ರೋಗಿಗೆ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಬಾಯಿಂದ ಹೊರಡುತ್ತಿದ್ದುದು ಮಾತ್ರ 'ಟಾನ್' ಎಂಬ ಸದ್ದು. ಅವನು ತೀರಿಕೊಂಡ ಮೇಲೆ ವೈದ್ಯ ಪಾಲ್ ಬ್ರೋಕಾ ಅವನ ಮಿದುಳಿನ ಎಡಬದಿಯ ಮುಂಭಾಗ ಕೆಟ್ಟಿದ್ದನ್ನು ಕಂಡ. 1874ರಲ್ಲಿ ಕಾರ್ಲ್ ವೆರ್ನಿಕೆ ಇನ್ನೊಂದು ಜಾಗ ತೋರಿಸಿದ: ಅದು ಕೆಟ್ಟರೆ ಮಾತು ಧಾರಾಳವಾಗಿ ಹರಿಯುತ್ತದೆ, ಅರ್ಥ ಮಾತ್ರ ಇರುವುದಿಲ್ಲ. ಇಂಥ ಭಾಷಣಕಾರರು ಆರೋಗ್ಯವಂತರಲ್ಲೂ ಇದ್ದಾರೆನ್ನಿ!

ಆಗ ಮಿದುಳು ನೋಡಬೇಕಾದರೆ ಮನುಷ್ಯ ಸಾಯಬೇಕಿತ್ತು. ಈಗ ಹಾಗಿಲ್ಲ. ದುಡಿಯುವ ಭಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕವಿರುವ ರಕ್ತಕ್ಕೂ ಇಲ್ಲದ್ದಕ್ಕೂ ಕಾಂತಗುಣ ಬೇರೆ. ಈ ಭೇದದಿಂದ ಚಿತ್ರ ತೆಗೆಯಬಹುದೆಂದು 1990ರಲ್ಲಿ ಸೈಜಿ ಒಗಾವ ತೋರಿಸಿದರು. ಎಂ.ಆರ್.ಐ. ಯಂತ್ರದೊಳಗೆ ಮಲಗಿ ಮಾತು ಕೇಳಿದರೆ ಸಾಕು, ಮಿದುಳಿನ ಓಡಾಟ ಕಾಣುತ್ತದೆ. ಮಾತಿಗೆ ಇರುವುದು ಒಂದು ಮನೆಯಲ್ಲ, ಒಂದು ಕೇರಿ. ಹಾಡಿಗೆ ಬಲಬದಿಯೂ ನೆರವಾಗುತ್ತದೆ.

ಇದನ್ನೆಲ್ಲ ನಾನು ಓದಿದ್ದು ಕಂಪ್ಲಿಯ ಸೋದರಮಾವನವರಿಗೆ ಲಕ್ವ ಹೊಡೆದ ಮೇಲೆ. ಬಲಗೈ ಬಿತ್ತು, ಜೊತೆಗೆ ಮಾತೂ ಹೋಯಿತು. ನೀರು ಬೇಕಾದರೆ "ಅದು, ಅದು" ಎನ್ನುವರು. ಮೊಮ್ಮಗಳ ಹೆಸರು ನಾಲಗೆಗೆ ಬಾರದು. "ಅವರಿಗೇನೂ ತಿಳಿಯಂಗಿಲ್ಲಪ್ಪ, ಬುದ್ಧಿನೇ ಹೋಗ್ಯಾದ" ಎಂದು ಅತ್ತೆ ಅವರೆದುರಿಗೇ ಅಂದರು. ಮಾವನವರ ಕಣ್ಣು ತುಂಬಿತು. ಬುದ್ಧಿ ಹೋದವರ ಕಣ್ಣೀರಲ್ಲ ಅದು.

ಮಾತು ಕಳೆದುಕೊಂಡವರಲ್ಲಿ ಅನೇಕರು ಹಳೆಯ ಹಾಡನ್ನು ತಡೆಯಿಲ್ಲದೆ ಹಾಡುತ್ತಾರೆಂದು ಓದಿದ್ದೆ. ಅವರ ಬಳಿ ಕುಳಿತು ಪುರಂದರದಾಸರ ಪದವೊಂದನ್ನು ಎತ್ತಿಕೊಂಡೆ. ಹಂಪಿಯ ಹೊಳೆದಂಡೆಯ ಪುರಂದರ ಮಂಟಪದಲ್ಲಿ ಅವರೇ ಎಷ್ಟೋ ಸಲ ಹಾಡಿದ್ದ ಪದ. ಎರಡನೆಯ ಸಾಲಿಗೆ ಅವರ ದನಿ ಕೂಡಿಕೊಂಡಿತು. ಪದಗಳು ಒಂದೊಂದೂ ಸ್ಪಷ್ಟ! ಚರಣದಲ್ಲಿ ನನ್ನ ತಾಳ ಜಾರಿದಾಗ ಎಡಗೈ ಎತ್ತಿ ತಡೆದು, ತಾವೇ ಬಡಿದು ತೋರಿಸಿದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾತನ್ನು ಮರಳಿ ಕಲಿಸುವ ವಿದ್ಯೆಯೂ ಇದೆ. ಮೈಸೂರಿನಲ್ಲಿ 1965ರಿಂದ ವಾಕ್ ಮತ್ತು ಶ್ರವಣಕ್ಕೆಂದೇ ಒಂದು ಸಂಸ್ಥೆಯಿದೆ. ರಾಗದ ಬೆನ್ನೇರಿಸಿ ಮಾತನ್ನು ಕರೆತರುವುದು ಆ ವಿದ್ಯೆಯ ಒಂದು ಕ್ರಮ. ಮಾವನವರು ಈಗ ನೀರನ್ನು ರಾಗವಾಗಿ ಕೇಳುತ್ತಾರೆ. ಅತ್ತೆ ಉತ್ತರ ಕೊಡುವುದು ಮಾತ್ರ ಹಳೆಯ ಗದ್ಯದಲ್ಲಿಯೇ: "ತಂದೆ, ತಡೀರಿ."