ಕೂದಲೆಳೆಯ ಸೋಲು, ಒಂದು ಮತದ ಗೆಲುವು

ಅಂಗಾತ ಈಜುವವರಿಗೆ ಮುಂದಿನ ಗೋಡೆ ಕಾಣುವುದಿಲ್ಲ. ಗೋಡೆಗೆ ಐದು ಮೀಟರ್ ಮೊದಲು ತಲೆಯ ಮೇಲೆ ಸಾಲಾಗಿ ಕಟ್ಟಿದ ಪತಾಕೆಗಳನ್ನು ಕಂಡೊಡನೆ ಕೈಬೀಸುಗಳನ್ನು ಎಣಿಸಲು ತೊಡಗಬೇಕು. ಆ ಲೆಕ್ಕವೇ ಅವರಿಗೆ ಕಣ್ಣು. ಜಿಂಬಾಬ್ವೆಯ ಕಿರ್ಸ್ಟಿ ಕೊವೆಂಟ್ರಿ ಹೀಗೆ ಎಣಿಸುತ್ತಲೇ ಜಗತ್ತನ್ನು ಗೆದ್ದವರು.

1983ರಲ್ಲಿ ಹರಾರೆಯಲ್ಲಿ ಹುಟ್ಟಿದ ಈಕೆ 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದಾಗ ಇನ್ನೂ ಹೈಸ್ಕೂಲು ವಿದ್ಯಾರ್ಥಿನಿ. ಪದಕ ಬರಲಿಲ್ಲ. ಬಳಿಕ ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದಲ್ಲಿ ಓದು, ಈಜು ಎರಡನ್ನೂ ಜೊತೆಯಾಗಿ ನಡೆಸಿದರು. 2004ರಲ್ಲಿ ಅಥೆನ್ಸ್‌ನಲ್ಲಿ ಒಂದು ಚಿನ್ನ, ಒಂದು ಬೆಳ್ಳಿ, ಒಂದು ಕಂಚು ಗೆದ್ದರು.

ನಿಜವಾದ ಪರೀಕ್ಷೆ ಎದುರಾದದ್ದು 2008ರಲ್ಲಿ, ಬೀಜಿಂಗ್‌ನಲ್ಲಿ. ಮೊದಲು 400 ಮೀಟರ್ ಮೆಡ್ಲೆ: 0.44 ಸೆಕೆಂಡಿನಿಂದ ಚಿನ್ನ ತಪ್ಪಿತು. 100 ಮೀಟರ್ ಬ್ಯಾಕ್‌ಸ್ಟ್ರೋಕ್ ಸೆಮಿಫೈನಲ್‌ನಲ್ಲಿ 58.77 ಸೆಕೆಂಡುಗಳ ವಿಶ್ವದಾಖಲೆ ಬರೆದರು. ಆದರೆ ಫೈನಲ್‌ನಲ್ಲಿ ಅದೇ ವೇಗ ಬರಲಿಲ್ಲ, ಮತ್ತೆ ಬೆಳ್ಳಿ. 200 ಮೀಟರ್ ಮೆಡ್ಲೆಯಲ್ಲಿ ಸೋತದ್ದು ಕೇವಲ 0.14 ಸೆಕೆಂಡಿನಿಂದ. ರೆಪ್ಪೆ ಮಿಟುಕಿಸುವಷ್ಟು ಹೊತ್ತೂ ಅಲ್ಲ! ಮೂರು ಬಾರಿ ಎರಡನೆಯ ಸ್ಥಾನಕ್ಕೆ ನಿಂತವರು ನಾಲ್ಕನೆಯ ಬಾರಿ ನೀರಿಗಿಳಿದದ್ದು 200 ಮೀಟರ್ ಬ್ಯಾಕ್‌ಸ್ಟ್ರೋಕ್‌ಗೆ. ಅದರಲ್ಲಿ ಚಿನ್ನವೂ ಬಂತು, ವಿಶ್ವದಾಖಲೆಯೂ ಆಯಿತು. ಜಿಂಬಾಬ್ವೆ ಈವರೆಗೆ ಗೆದ್ದ ಎಂಟು ಒಲಿಂಪಿಕ್ ಪದಕಗಳಲ್ಲಿ ಏಳು ಈಕೆಯವೇ. ಉಳಿದೊಂದು 1980ರ ಮಹಿಳಾ ಹಾಕಿ ತಂಡದ್ದು.

2018ರಲ್ಲಿ ಈಕೆ ತಮ್ಮ ದೇಶದ ಕ್ರೀಡಾ ಸಚಿವೆಯಾದರು. ಆಡಳಿತದ ಕೊಳದಲ್ಲಿ ಪತಾಕೆಗಳಿರುವುದಿಲ್ಲ. ಫುಟ್‌ಬಾಲ್ ಸಂಸ್ಥೆಯಲ್ಲಿ ಸರ್ಕಾರ ಕೈಹಾಕಿತೆಂದು 2022ರಲ್ಲಿ ಫಿಫಾ ಜಿಂಬಾಬ್ವೆಯನ್ನು ಅಮಾನತುಗೊಳಿಸಿತು; ಅದು ತೆರವಾದದ್ದು ಮರುವರ್ಷ. ಟೀಕೆಗಳು ಸಾಕಷ್ಟು ಬಂದವು. ಈಜಿನಲ್ಲಿ ಗಡಿಯಾರ ಅಂದೇ ತೀರ್ಪು ಹೇಳುತ್ತದೆ, ಆಡಳಿತದಲ್ಲಿ ತೀರ್ಪು ಬರಲು ವರ್ಷಗಳೇ ಬೇಕು.

2025ರ ಮಾರ್ಚ್ 20ರಂದು ಗ್ರೀಸ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆಯಿತು. ಕಣದಲ್ಲಿ ಏಳು ಮಂದಿ. 97 ಮತಗಳಲ್ಲಿ ಕಿರ್ಸ್ಟಿಗೆ ಮೊದಲ ಸುತ್ತಿನಲ್ಲೇ 49 ಬಂದವು. ಬಹುಮತಕ್ಕೆ ಬೇಕಾದದ್ದೂ ಅಷ್ಟೇ. ಒಂದು ಕಡಿಮೆಯಾಗಿದ್ದರೂ ಎರಡನೆಯ ಸುತ್ತು ನಡೆಯಬೇಕಿತ್ತು. ಆ ಹುದ್ದೆಗೇರಿದ ಮೊದಲ ಮಹಿಳೆ, ಮೊದಲ ಆಫ್ರಿಕನ್ ಎಂಬ ಹಿರಿಮೆ ಹೀಗೆ ಅವರದಾಯಿತು.

ಅಂಕಪಟ್ಟಿ ಹಿಡಿದು ಬಂದ ಮಗುವನ್ನು ‘ಉಳಿದ ಒಂದು ಅಂಕ ಎಲ್ಲಿ ಹೋಯಿತು?’ ಎಂದು ಕೇಳುವ ಮುನ್ನ ಹೆತ್ತವರು ಬೀಜಿಂಗ್‌ನ ಆ ವಾರವನ್ನು ನೆನೆಯುವುದು ಒಳ್ಳೆಯದು. ಮೂರು ಸಲ ಕೂದಲೆಳೆಯಲ್ಲಿ ಸೋತ ಹುಡುಗಿಗೆ ಅಂದು ಬೇಕಾಗಿದ್ದದ್ದು ಲೆಕ್ಕ ಕೇಳುವವರಲ್ಲ, ನಾಲ್ಕನೆಯ ಸಲ ನೀರಿಗೆ ಧುಮುಕುವ ಧೈರ್ಯ.