ಸೇವ್ ಇಲ್ಲದ ಆಟ

ಹೋದ ತಿಂಗಳು ಊರಿಗೆ ಹೋದಾಗ ಅಣ್ಣ ಬಾಗಿಲಲ್ಲೇ ನಿಲ್ಲಿಸಿ ಹೇಳಿದ: "ನಿನ್ನ ಮಾತಾದ್ರೆ ಕೇಳ್ತಾನೆ. ಸ್ವಲ್ಪ ಗದರ್ಸು."

ಅಣ್ಣನ ಮಗ ಎಂಟನೇ ಕ್ಲಾಸು. ಅತ್ತಿಗೆಯ ಫೋನಿನಲ್ಲಿ ಶೂಟಿಂಗ್ ಗೇಮ್ ಆಡುತ್ತಾನೆ. ಅದರೊಳಗಿನ ಬಂದೂಕಿಗೆ ಬಣ್ಣ, ಆಟಗಾರನಿಗೆ ಅಂಗಿ ಅಂತ ಅತ್ತಿಗೆಯ ಖಾತೆಯಿಂದ 840 ರೂಪಾಯಿ ಖರ್ಚು ಮಾಡಿದ್ದ. ಅದು ಡೇರಿ ಹಾಲಿನ ಬಟವಾಡೆ ದುಡ್ಡು. ಅತ್ತಿಗೆ ಎರಡು ದಿನದಿಂದ ಅವನ ಜೊತೆ ಮಾತು ಬಿಟ್ಟಿದ್ದರು.

ಗದರಿಸಲು ಹೋದೆ. ಹುಡುಗ ಮೂಲೆಯಲ್ಲಿ ಕೂತಿದ್ದ. ಬಾಯಿಂದ ಬಂದದ್ದು ಬೇರೆ ಮಾತು. "ನಮ್ಮ ಕಾಲದ ಗೇಮ್ ತೋರಿಸ್ತೀನಿ ಬಾ. ಅದರಲ್ಲಿ ದುಡ್ಡು ಕೇಳಲ್ಲ."

ನಮ್ಮ ಕಾಲ ಅಂದರೆ 2008. ತಿಪಟೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸೈಬರ್ ಇತ್ತು, ಗಂಟೆಗೆ 15 ರೂಪಾಯಿ. ಜೋರಾಗಿ ದುಡ್ಡಿದ್ದವರು ನಾಲ್ಕೈದು ಕಂಪ್ಯೂಟರ್ ಹಿಡಿದು ಕೌಂಟರ್ ಸ್ಟ್ರೈಕ್ ಆಡುತ್ತಿದ್ದರು. ನಾವು ಐಜಿಐ. 2000ನೇ ಇಸವಿಯಲ್ಲಿ ಬಂದ ಆಟ, ಮಾಡಿದವರು ನಾರ್ವೆ ದೇಶದವರು. ಇಬ್ಬರು ಸೇರಿ ಆಡಲು ಅದರಲ್ಲಿ ಅವಕಾಶವೇ ಇಲ್ಲ. ಆದರೂ ಅಣ್ಣ ಕಾಯಿ ಮಾರಲು ಪೇಟೆಗೆ ಬಂದ ದಿನ ಇಬ್ಬರೂ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂರುತ್ತಿದ್ದೆವು. ಕೀಬೋರ್ಡ್ ಅವನದು, ಮೌಸ್ ನನ್ನದು. ನಡೆಯುವವನು ಅವನು, ಗುಂಡು ಹಾರಿಸುವವನು ನಾನು.

ಇಂಥ ಆಟಕ್ಕೆ ಫಸ್ಟ್ ಪರ್ಸನ್ ಶೂಟರ್ ಅನ್ನುತ್ತಾರೆ. ಆಡುವವನ ಕಣ್ಣೇ ಆಟದ ಕಣ್ಣು. ಪರದೆ ಮೇಲೆ ನಮಗೆ ನಮ್ಮ ಕೈ ಮತ್ತು ಬಂದೂಕು ಮಾತ್ರ ಕಾಣುತ್ತದೆ.

ಗೆಳೆಯನೊಬ್ಬನ ಹಳೇ ಸಿಡಿಯಿಂದ ನನ್ನ ಲ್ಯಾಪ್‌ಟಾಪಿಗೆ ಐಜಿಐ ಹಾಕಿಸಿಕೊಂಡಿದ್ದೆ. ಹುಡುಗನ ಮುಂದೆ ತೆಗೆದೆ. ನಿಜ ಹೇಳಬೇಕೆಂದರೆ ನನಗೇ ನಾಚಿಕೆಯಾಯಿತು. ನೆನಪಿನಲ್ಲಿದ್ದ ಆ ದೊಡ್ಡ ಬೆಟ್ಟ ಹಸಿರು ಟಾರ್ಪಾಲು ಹೊದಿಸಿದ ಹಾಗಿತ್ತು. ಕಾವಲುಗಾರರು ದಡ್ಡರು. ಒಬ್ಬ ಸತ್ತು ಬಿದ್ದ ಜಾಗಕ್ಕೇ ಇನ್ನೊಬ್ಬ ಓಡಿ ಬಂದು ನಿಲ್ಲುತ್ತಾನೆ. ಅಲಾರಂ ಹೊಡೆದರೆ ಸಾಕು, ಖಾಲಿ ಮಾಡಿದ ಮನೆಯಿಂದ ಮತ್ತೆ ಜನ ಬರುತ್ತಾರೆ. "ಚಿಕ್ಕಪ್ಪ, ಇವರೆಲ್ಲಾ ಎಲ್ಲಿದ್ರು?" ಎಂದು ಹುಡುಗ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರನೇ ಸಲ ಸತ್ತಾಗ ಅವನಿಗೆ ಅಸಲಿ ವಿಷಯ ಗೊತ್ತಾಯಿತು. "ಸೇವ್ ಎಲ್ಲಿದೆ?" ಇಲ್ಲ. ಐಜಿಐಯಲ್ಲಿ ಒಟ್ಟು 14 ಮಿಷನ್. ಒಂದು ಮಿಷನ್ ನಡುವೆ ಸೇವ್ ಮಾಡುವ ಹಾಗಿಲ್ಲ. ಅರ್ಧ ಗಂಟೆ ಆಡಿ ಕೊನೇ ಬಾಗಿಲಲ್ಲಿ ಸತ್ತರೂ ಮತ್ತೆ ಬೇಲಿಯ ಆಚೆಯಿಂದಲೇ ಶುರು. ನಮಗೆ ಅಂದು ಅದು ರೋಮಾಂಚನ ಅನ್ನಿಸಿತ್ತು. ಇಂದು ಯೋಚಿಸಿದರೆ ಗಂಟೆ ಲೆಕ್ಕದಲ್ಲಿ ನಮ್ಮ ಜೇಬು ಖಾಲಿ ಮಾಡಿದ್ದೂ ಅದೇ.

ಹುಡುಗ ಎದ್ದು ಹೋಗುವುದರಲ್ಲಿದ್ದ. ಕೊನೇ ಪ್ರಯತ್ನ ಅಂತ ಡೂಮ್ ಹಾಕಿದೆ. ಅಮೆರಿಕದ ಒಂದು ಸಣ್ಣ ತಂಡ 1993ರ ಡಿಸೆಂಬರಿನಲ್ಲಿ ಬಿಟ್ಟ ಆಟ. ಮೊದಲ ಭಾಗವನ್ನು ಅವರು ಅಂದೇ ಪುಕ್ಕಟೆ ಹಂಚಿದ್ದರು. ಐಜಿಐಗಿಂತ ಏಳು ವರ್ಷ ಹಳೆಯದು, ಚಿತ್ರ ಇನ್ನೂ ಒರಟು. ತಲೆ ಎತ್ತಿ ಮೇಲೆ ನೋಡಲೂ ಬರುವುದಿಲ್ಲ. ಹುಡುಗ ನಗುತ್ತಾನೆ ಅಂದುಕೊಂಡೆ.

ನಗಲಿಲ್ಲ. ಒಂದು ಗಂಟೆ ಅಲ್ಲಾಡಲಿಲ್ಲ.

ಯಾಕೆ ಅಂತ ಹಿಂದೆ ನಿಂತು ನೋಡಿದೆ. ಡೂಮ್‌ನಲ್ಲಿ ಓಟ ಜಾಸ್ತಿ. ಬಂದೂಕಿಗೆ ಮತ್ತೆ ಮತ್ತೆ ಗುಂಡು ತುಂಬುತ್ತಾ ನಿಲ್ಲಬೇಕಿಲ್ಲ. ಹಲವು ರಾಕ್ಷಸರು ಬೆಂಕಿ ಉಂಡೆ ಎಸೆಯುತ್ತಾರೆ, ಅದು ಬರುವುದು ಕಣ್ಣಿಗೆ ಕಾಣುತ್ತದೆ, ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳಬಹುದು. ಐಜಿಐಯಲ್ಲಿ ಎಲ್ಲಿಂದಲೋ ಗುಂಡು ಬಿದ್ದು ಸಾಯುತ್ತೇವೆ. ಇಲ್ಲಿ ಸತ್ತರೆ ತಪ್ಪು ನಮ್ಮದೇ ಎಂದು ಗೊತ್ತಾಗುತ್ತದೆ. ಕಬಡ್ಡಿ ಹಾಗೆ, ಕಾಲಿನ ಆಟ. ನಿಜವಾದ ಹಾಗೆ ಕಾಣಬೇಕು ಎಂದು ಹೊರಟ ಆಟ ಬೇಗ ಮುದಿಯಾಯಿತು. ಆ ಆಸೆಯನ್ನೇ ಪಡದ ಆಟ ಹಾಗೇ ಉಳಿದಿದೆ. ನನ್ನ ಪ್ರೀತಿಯ ಆಟ ಸೋತಿತು ಎಂದು ಒಪ್ಪಿಕೊಳ್ಳಲು ಕಷ್ಟವಾಯಿತು, ಆದರೆ ಸೋತಿತು.

ಒಂದು ವಿಷಯದಲ್ಲಿ ಮಾತ್ರ ಎರಡೂ ಹಳೇ ಆಟಗಳೂ ಗೆಲ್ಲುತ್ತವೆ. ನಮ್ಮೂರಲ್ಲಿ ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆ, ಇವು ನಿಲ್ಲುವುದಿಲ್ಲ. ನಡುವೆ ಅಂಗಡಿ ತೆರೆದು ಕೂರುವುದಿಲ್ಲ. ಇವಕ್ಕೆ ಕೊನೆ ಇದೆ. ಮುಗಿದರೆ ಎದ್ದು ಹೋಗಬಹುದು. ಹುಡುಗನ ಫೋನಿನ ಆಟ ಮುಗಿಯುವುದೇ ಇಲ್ಲ.

ಇದನ್ನೇ ಅವನಿಗೆ ಬುದ್ಧಿಮಾತಾಗಿ ಹೇಳಲು ಶುರು ಮಾಡಿದೆ. ಆಗ ಕೇಳಿದ: "ಸೈಬರ್‌ಗೆ ದುಡ್ಡು ಎಲ್ಲಿಂದ ತರ್ತಿದ್ದೆ ಚಿಕ್ಕಪ್ಪ?"

ಅಣ್ಣ ಜಗಲಿ ಮೇಲೆ ಕಾಯಿ ಸುಲಿಯುತ್ತಾ ಕೂತಿದ್ದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಡೇರಿ ಪುಸ್ತಕ ಓದುತ್ತಿದ್ದವನು, ಬಟವಾಡೆ ತರುತ್ತಿದ್ದವನು ನಾನು. ಇಪ್ಪತ್ತು ಮೂವತ್ತು ತೆಗೆದುಕೊಂಡು, "ಈ ಸಲ ಫ್ಯಾಟ್ ಕಮ್ಮಿ ಬಂತಪ್ಪ" ಅನ್ನುತ್ತಿದ್ದೆ. ಅಪ್ಪ ನಂಬಿದ. ಹಸುವಿಗೆ ಏನೋ ಆಗಿದೆ ಎಂದು ಡಾಕ್ಟರನ್ನು ಕರೆಸಿದ. ಫ್ಯಾಟ್ ಜಾಸ್ತಿಯಾಗಲಿ ಎಂದು ಸಾಲ ಹೇಳಿ ಒಂದು ಮೂಟೆ ಹಿಂಡಿ ತರಿಸಿದ. ನಾನು ಕದ್ದದ್ದಕ್ಕಿಂತ ಅದರ ರೇಟೇ ಹೆಚ್ಚಿತ್ತು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಅವನಿಗೆ ಹೇಳಲೇ ಇಲ್ಲ.

ಹುಡುಗ ಪರದೆ ನೋಡುವುದು ಬಿಟ್ಟು ನನ್ನನ್ನು ನೋಡುತ್ತಿದ್ದ. ಜಗಲಿಯಲ್ಲಿ ಕಾಯಿ ಸುಲಿಯುವ ಸದ್ದು ನಿಂತಿತ್ತು. ಕುರ್ಚಿಯ ಅರ್ಧದಲ್ಲಿ ಕೂತು ಆಡಿದ ಅಣ್ಣನಿಗೂ ಅದು ಯಾವ ದುಡ್ಡು ಅಂತ ಗೊತ್ತಿರಲಿಲ್ಲ.

"ಆ ಹಿಂಡಿ ಮೂಟೆ ಹೊತ್ಕೊಂಡು ಬಂದೋನು ನಾನು ಕಣೋ" ಎಂದ ಅಣ್ಣ. ಬೇರೇನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕಾಯಿ ಸುಲಿಯತೊಡಗಿದ.

ಹುಡುಗ ಅಡುಗೆಮನೆಗೆ ಹೋದ. ಅಮ್ಮನ ಹತ್ತಿರ ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಅತ್ತಿಗೆ ಊಟಕ್ಕೆ ಕರೆದಾಗ ಅವನ ಹೆಸರನ್ನೂ ಸೇರಿಸಿ ಕರೆದರು.

ರಾತ್ರಿ ಅಣ್ಣ ಬಂದು ಪಕ್ಕದಲ್ಲಿ ಕೂತ. "ಆ ರೈಲ್ ಯಾರ್ಡ್ ಇದೆಯಾ ಇನ್ನೂ? ತೆಗಿ" ಎಂದ. ಕೀಬೋರ್ಡ್ ಅವನ ಕಡೆ ತಿರುಗಿಸಿದೆ. ಬೇಲಿ ದಾಟುವಷ್ಟರಲ್ಲಿ ಸತ್ತೆವು. ಮತ್ತೆ ಮೊದಲಿಂದ ಶುರು ಮಾಡಿದೆವು.