ಎಲುಬಿನ ಕೈಗಡ

ಧಾರವಾಡದಿಂದ ಅವ್ವ ಪುಣೆಗೆ ಬಂದಾಗ ಚೀಲದಲ್ಲಿ ಎರಡು ಡಬ್ಬಿ ಅಂಟಿನುಂಡಿ ಇದ್ದವು. ಮಗಳು ಹೆತ್ತು ಐದು ತಿಂಗಳಾಗಿತ್ತು. ಸೊಂಟ ನೋಯುತ್ತದೆ ಎಂದು ಅವಳು ಫೋನಿನಲ್ಲಿ ಒಮ್ಮೆ ಅಂದದ್ದೇ ಸಾಕಾಗಿತ್ತು.

“ಎಲುಬು ಕರಗಿ ಹಾಲಾಗಿ ಹೋಗಾಕತ್ತಾವ. ಆರು ತಿಂಗಳಾದ ಕೂಡಲೇ ಬಿಡಸಿಬಿಡು,” ಎಂದಳು ಅವ್ವ. ಆಮೇಲೆ ತನ್ನ ಬಾಗಿದ ಬೆನ್ನು ಮುಟ್ಟಿಕೊಂಡು, “ನಾ ನಾಕು ಮಂದಿಗೆ ಕುಡಿಸೇನಿ. ನೋಡೀಗ,” ಎಂದಳು.

ಮಗಳು ಸುಮ್ಮನಾದಳು. ಅವ್ವನ ಗೂನಿಗೆ ತಾನು ಕಾರಣ. ನಾಳೆ ತನ್ನ ಗೂನಿಗೆ ತೊಡೆಯ ಮೇಲಿನ ಈ ಕೂಸು ಕಾರಣ. ರಾತ್ರಿ ಹಾಲು ಕುಡಿಸುತ್ತ ಕೂತಾಗಲೆಲ್ಲ ಅದೇ ಲೆಕ್ಕ.

ಅವ್ವ ಹೇಳಿದ್ದರಲ್ಲಿ ಅರ್ಧ ನಿಜ. ಎದೆಹಾಲಿನಲ್ಲಿ ದಿನಕ್ಕೆ ಸುಮಾರು 200ರಿಂದ 300 ಮಿಲಿಗ್ರಾಂ ಕ್ಯಾಲ್ಸಿಯಂ ತಾಯಿಯ ಮೈಬಿಟ್ಟು ಹೋಗುತ್ತದೆ. ಕೂಸು ಚೀಪಿದಂತೆ ಪ್ರೊಲ್ಯಾಕ್ಟಿನ್ ಏರುತ್ತದೆ, ಅಂಡಾಶಯ ವಿಶ್ರಾಂತಿಗೆ ಹೋಗುತ್ತದೆ, ಎಲುಬನ್ನು ಕಾಯುವ ಈಸ್ಟ್ರೋಜೆನ್ ಇಳಿಯುತ್ತದೆ. ಜೊತೆಗೆ ಮೊಲೆಯೇ ಪಿಟಿಎಚ್‌ಆರ್‌ಪಿ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಟ್ಟು ಎಲುಬಿನಿಂದ ಕ್ಯಾಲ್ಸಿಯಂ ತರಿಸಿಕೊಳ್ಳುತ್ತದೆ. ಹೀಗೆ ಮೂರರಿಂದ ಆರು ತಿಂಗಳಲ್ಲಿ ಬೆನ್ನೆಲುಬಿನ ಸಾಂದ್ರತೆ ಶೇ. 3ರಿಂದ 10ರಷ್ಟು ತಗ್ಗಬಹುದು. ಅಮೆರಿಕದಲ್ಲೂ ಗ್ಯಾಂಬಿಯಾದಲ್ಲೂ ತಾಯಂದಿರಿಗೆ ಕ್ಯಾಲ್ಸಿಯಂ ಗುಳಿಗೆ ಕೊಟ್ಟು ನೋಡಿದರು. ಈ ಇಳಿತ ನಿಲ್ಲಲಿಲ್ಲ. ಇದನ್ನು ನಡೆಸುವುದು ಊಟವಲ್ಲ, ಹಾರ್ಮೋನು. ಹಾಗೆಂದು ಗುಳಿಗೆ ಬಿಡುವಂತಿಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರೇ ಹೆಚ್ಚಾದ್ದರಿಂದ, ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆರಡು ಗುಳಿಗೆ ಎಂದು ಭಾರತ ಸರ್ಕಾರವೇ ಹೇಳಿದೆ.

ಅವ್ವನಿಗೆ ಯಾರೂ ಹೇಳದಿದ್ದದ್ದು ಇನ್ನರ್ಧ. ಹಾಲು ಬಿಡಿಸಿ, ಮುಟ್ಟು ಮರಳಿ, ಈಸ್ಟ್ರೋಜೆನ್ ಏರಿದ ಮೇಲೆ ಆರು ತಿಂಗಳಿಂದ ಒಂದು ವರ್ಷದೊಳಗೆ ಎಲುಬು ಬಹುಮಟ್ಟಿಗೆ ಮತ್ತೆ ತುಂಬಿಕೊಳ್ಳುತ್ತದೆ. ಅದು ಕೈಗಡ, ಕೊಟ್ಟದ್ದು ಮರಳಿ ಬರುತ್ತದೆ. ಎದೆಹಾಲು ಕುಡಿಸಿದವರಿಗೆ ಮುಪ್ಪಿನಲ್ಲಿ ಎಲುಬು ಹೆಚ್ಚು ಮುರಿಯುತ್ತದೆ ಎಂದು ಬಹುಪಾಲು ಅಧ್ಯಯನಗಳಲ್ಲಿ ಕಂಡಿಲ್ಲ. ಅಪರೂಪಕ್ಕೆ ಕೆಲವು ಬಾಣಂತಿಯರ ಬೆನ್ನೆಲುಬು ಬಿರುಕು ಬಿಡುವುದುಂಟು; ಒಮ್ಮೆಲೇ ಬಂದ ತೀವ್ರ ಬೆನ್ನುನೋವನ್ನು ವೈದ್ಯರಿಗೆ ತೋರಿಸಲೇಬೇಕು.

ಈಸ್ಟ್ರೋಜೆನ್ ಅಷ್ಟು ಇಳಿದರೂ ಹಾಲೂಡಿಸುವ ತಾಯಿಯ ಎಲುಬು ಉಳಿಯುವುದು ಹೇಗೆ? 2024ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹಾಲಿ ಇಂಗ್ರಹಾಂ ಅವರ ತಂಡ ‘ನೇಚರ್’ ಪತ್ರಿಕೆಯಲ್ಲಿ ಒಂದು ಉತ್ತರ ಕೊಟ್ಟಿತು. ಹಾಲೂಡಿಸುವ ಇಲಿಗಳ ಮಿದುಳಿನಿಂದ ಸಿಸಿಎನ್3 ಎಂಬ ಹಾರ್ಮೋನು ಹೊರಟು ಎಲುಬು ಕಟ್ಟಿಸುತ್ತದೆ. ಅದನ್ನು ತಗ್ಗಿಸಿದರೆ ತಾಯಿಯ ಎಲುಬು ಸವೆಯುತ್ತದೆ. ಮನುಷ್ಯರಲ್ಲಿ ಇದಿನ್ನೂ ಸಾಬೀತಾಗಬೇಕು.

ಹಾಗಾದರೆ ಅವ್ವನ ಬೆನ್ನು ಬಾಗಿದ್ದೇಕೆ? ಒಂದು ಮಧ್ಯಾಹ್ನ ಮಗಳು ಕೇಳಿದಳು: “ಅವ್ವಾ, ನಿನ್ನ ಗರ್ಭಕೋಶದ ಆಪರೇಶನ್ ಆದಾಗ ಎಷ್ಟು ವಯಸ್ಸು?”

“ಮೂವತ್ತೆಂಟು. ನೀ ಆರನೇತ್ತೆ ಇದ್ದಿ.”

“ಅಂಡಾಶಯನೂ ತಗದ್ರೇನು?”

“ಎಲ್ಲಾ ತಗದ್ರು. ಮಕ್ಕಳಾದ ಮ್ಯಾಲೆ ಅವ್ಯಾಕ ಬೇಕು ಅಂದ್ರು.”

ನಾಲ್ಕು ಕೂಸುಗಳು ಪಡೆದ ಕೈಗಡ ಆ ಹೊತ್ತಿಗೆ ತೀರಿರಬೇಕು. ಆಮೇಲೆ ಈಸ್ಟ್ರೋಜೆನ್ ಇಳಿದದ್ದು ಮಾತ್ರ ಮತ್ತೆ ಏರಲಿಲ್ಲ. ಎಲುಬು ಸವೆಯಬಹುದು ಎಂದು ಆಗ ಯಾರೂ ಎಚ್ಚರಿಸಲಿಲ್ಲ, ಒಮ್ಮೆಯೂ ತಪಾಸಣೆ ಮಾಡಲಿಲ್ಲ. ಇಪ್ಪತ್ತು ವರ್ಷ ಅವ್ವ ತನ್ನ ಹಾಲನ್ನೇ ದೂರಿದ್ದಳು.

ಮರುದಿನ ಮಗಳು ಎಲುಬಿನ ಸಾಂದ್ರತೆ ನೋಡುವ ಸ್ಕ್ಯಾನಿಗೆ ಅವ್ವನ ಹೆಸರು ಬರೆಸಿದಳು.

“ನನಗ್ಯಾಕ? ಹಡದಾಕಿ ನೀ.”

“ನಂದು ತಿರುಗಿ ಬರತೈತಿ ಅವ್ವಾ. ನಿಂದು ನೋಡಬೇಕಾಗೈತಿ.”

ಒಳಗೆ ಕೂಸು ಅತ್ತಿತು. ಅವ್ವ ಎತ್ತಿ ತಂದು ಮಗಳ ತೊಡೆಯ ಮೇಲಿಟ್ಟಳು. ಬಿಡಿಸು ಎನ್ನಲಿಲ್ಲ. ಡಬ್ಬಿ ತೆಗೆದು ಎರಡು ಉಂಡಿ ತಂದಳು. ಒಂದು ಮಗಳಿಗೆ, ಒಂದು ತನಗೆ.